ಗೆಲ್ಲುವ ಮೊದಲೇ ಅಚ್ಚಾದ ಕಾಗದಗಳು

ನಾರ್ತ್ ಕ್ಯಾರೊಲೈನಾದ ರಾಲಿಯಲ್ಲಿ ನೆಲೆಸಿದವರಿಗೆ ಕಾಲೇಜು ಬಾಸ್ಕೆಟ್‌ಬಾಲ್ ಹುಚ್ಚು ಹಿಡಿಯದಿರುವುದು ಕಷ್ಟ. ಎನ್‌ಸಿ ಸ್ಟೇಟ್, ಯುಎನ್‌ಸಿ, ಡ್ಯೂಕ್ ಮೂರೂ ವಿಶ್ವವಿದ್ಯಾಲಯಗಳು ಇಲ್ಲೇ ಅಕ್ಕಪಕ್ಕ, ಮೂರರ ತಂಡಗಳೂ ರಾಷ್ಟ್ರೀಯ ಚಾಂಪಿಯನ್ ಆದವು. ಹಳೆಯ ಫೈನಲ್‌ಗಳ ನೆನಪಿನ ವಸ್ತುಗಳನ್ನು ನಾನು ಹುಡುಕುವುದು ಫೇರ್‌ಗ್ರೌಂಡ್ಸ್‌ನ ವಾರಾಂತ್ಯದ ಸಂತೆಯಲ್ಲಿ, ತೀರಿಹೋದವರ ಮನೆಸಾಮಾನು ಮಾರುವ ಎಸ್ಟೇಟ್ ಸೇಲ್‌ಗಳಲ್ಲಿ.

ಸಂಗ್ರಹಕ್ಕೆ ಒಂದೇ ಕಟ್ಟುಪಾಡು ಹಾಕಿಕೊಂಡಿದ್ದೇನೆ: ಫಲಿತಾಂಶಕ್ಕೆ ಮೊದಲೇ ಅಚ್ಚಾದದ್ದು ಮಾತ್ರ. ‘ಚಾಂಪಿಯನ್ಸ್’ ಎಂದು ಬರೆದ ಲೋಟ, ಬಾಟಲಿ, ಬಾವುಟಗಳೆಲ್ಲ ಗೆದ್ದ ಮೇಲೆ ಮಾರಾಟಕ್ಕೆಂದು ಮಾಡಿದವು. ಟಿಕೆಟ್ಟು, ಪ್ರೋಗ್ರಾಂ ಪುಸ್ತಿಕೆ ಹಾಗಲ್ಲ. ಅಂಗಣದಲ್ಲಿ ಕೂತವರಿಗಿದ್ದ ಆತಂಕವೇ ಅವುಗಳಲ್ಲೂ ಇದೆ.

ನನ್ನಲ್ಲಿರುವ, 1983ರ ಫೈನಲ್ ನಡೆದ ಆಲ್ಬುಕರ್ಕಿಯ ಪುಸ್ತಿಕೆಯನ್ನೇ ನೋಡಿ. ಕೊನೆಯ ಸುತ್ತಿಗೆ ಬಂದ ಹ್ಯೂಸ್ಟನ್, ಲೂಯಿವಿಲ್, ಜಾರ್ಜಿಯಾ, ಎನ್‌ಸಿ ಸ್ಟೇಟ್ ನಾಲ್ಕೂ ತಂಡಗಳು ಅದರಲ್ಲಿವೆ. ಒಲಾಜುವಾನ್, ಡ್ರೆಕ್ಸ್‌ಲರ್ ಇದ್ದ ಹ್ಯೂಸ್ಟನ್ನೇ ಗೆಲ್ಲುತ್ತದೆಂದು ಎಲ್ಲರ ಲೆಕ್ಕ; ತರಬೇತುದಾರ ಜಿಮ್ ವಲ್ವಾನೊ ಅವರ ಎನ್‌ಸಿ ಸ್ಟೇಟ್ ಆ ಋತುವಿನಲ್ಲಿ ಹತ್ತು ಪಂದ್ಯ ಸೋತು ಬಂದಿತ್ತು. ಫೈನಲ್‌ನ ಕೊನೆಯ ಕ್ಷಣದಲ್ಲಿ ಎನ್‌ಸಿ ಸ್ಟೇಟ್‌ನ ವಿಟನ್‌ಬರ್ಗ್ ದೂರದಿಂದ ಎಸೆದ ಚೆಂಡು ಬುಟ್ಟಿ ಮುಟ್ಟಲಿಲ್ಲ, ಅದೇ ತಂಡದ ಲೊರೆನ್ಜೊ ಚಾರ್ಲ್ಸ್ ಅದನ್ನು ಗಾಳಿಯಲ್ಲೇ ಹಿಡಿದು ಒಳಗೆ ಜಡಿದರು. 54-52. ನನ್ನ ಪ್ರತಿಯ ಅಂಚಿನಲ್ಲಿ ಯಾರೋ ಅಂಕಗಳನ್ನು ಪೆನ್ಸಿಲ್‌ನಲ್ಲಿ ಗುರುತಿಸುತ್ತ ಬಂದಿದ್ದಾರೆ. ಕೊನೆಯ ಎರಡು ಅಂಕ ಮಾತ್ರ ಬರೆದಿಲ್ಲ. ಪೆನ್ಸಿಲ್ ಬಿಟ್ಟು ಎದ್ದು ಕುಣಿದಿರಬೇಕು! ಗೀಚಿದ ಪ್ರತಿಗೆ ಮಾರುಕಟ್ಟೆಯಲ್ಲಿ ಬೆಲೆ ಕಡಿಮೆ. ನನಗೆ ಅದೇ ಹೆಚ್ಚು ಬೆಲೆಯದು.

ನಕಲಿಗಳಂತೂ ಧಾರಾಳ. ಮೈಕೆಲ್ ಜೋರ್ಡನ್ ಇನ್ನೂ ಯುಎನ್‌ಸಿಯ ಮೊದಲ ವರ್ಷದಲ್ಲಿದ್ದಾಗ ಗೆಲುವಿನ ಬುಟ್ಟಿ ಹಾಕಿದ 1982ರ ಫೈನಲ್, ಮ್ಯಾಜಿಕ್ ಜಾನ್ಸನ್ ಮತ್ತು ಲ್ಯಾರಿ ಬರ್ಡ್ ಎದುರುಬದುರಾದ 1979ರದ್ದು, ಇವುಗಳ ಟಿಕೆಟ್ ಅಗ್ಗಕ್ಕೆ ಕಂಡರೆ ಕೈ ಹಿಂದೆಗೆಯಿರಿ. ಹತ್ತು ಪಟ್ಟು ದೊಡ್ಡದು ಮಾಡುವ ಮಸೂರ ಸದಾ ನನ್ನ ಜೇಬಿನಲ್ಲಿರುತ್ತದೆ. ಹಳೆಯ ಆಫ್‌ಸೆಟ್ ಮುದ್ರಣದಲ್ಲಿ ಫೋಟೊ ಚುಕ್ಕೆಚುಕ್ಕೆಯಾಗಿ ಕಂಡರೂ ಕಪ್ಪಕ್ಷರ ಒಂದೇ ಮಸಿಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಸ್ಕ್ಯಾನ್ ಮಾಡಿ ಇಂಕ್‌ಜೆಟ್‌ನಲ್ಲಿ ತೆಗೆದದ್ದಾದರೆ ಅಕ್ಷರದ ಅಂಚಿನಲ್ಲೂ ಬಣ್ಣದ ಚುಕ್ಕೆ ಚೆಲ್ಲಿರುತ್ತದೆ. ಈ ಫೈನಲ್‌ಗಳ ಟೂರ್ನಿ ಮೊಟ್ಟಮೊದಲು ನಡೆದ 1939ರ ಕಾಗದವೆಂದು ಯಾರಾದರೂ ತಂದರೆ ನೇರಳಾತೀತ ಟಾರ್ಚ್ ಹಿಡಿಯುತ್ತೇನೆ. ಕಾಗದವನ್ನು ಬೆಳ್ಳಗೆ ಹೊಳೆಯಿಸುವ ರಾಸಾಯನಿಕ ಆಗಿನ್ನೂ ಬಳಕೆಗೆ ಬಂದಿರಲಿಲ್ಲ. ನೀಲಿಯಾಗಿ ಝಗ್ಗೆಂದರೆ ವ್ಯಾಪಾರ ಅಲ್ಲಿಗೇ ನಿಂತಿತು.

ಕಾಪಾಡುವುದು ಕಷ್ಟವೇನಲ್ಲ. ಪಿವಿಸಿ ಚೀಲ ಬೇಡ, ಕಾಲಕ್ರಮೇಣ ಅದು ಬೆವರಿ ಮಸಿಗೆ ಅಂಟುತ್ತದೆ; ಪಾಲಿಯೆಸ್ಟರ್ ಹಾಳೆಯಲ್ಲಿಟ್ಟು ಹಿಂದೆ ಆಮ್ಲರಹಿತ ರಟ್ಟು ಕೊಡಿ. ಲ್ಯಾಮಿನೇಷನ್ ಖಂಡಿತ ಮಾಡಿಸಬೇಡಿ. ಇಲ್ಲಿಯ ಬೇಸಿಗೆಯ ತೇವಕ್ಕೆ ಅಟ್ಟವೂ ನೆಲಮಾಳಿಗೆಯೂ ಕಾಗದದ ಶತ್ರುಗಳು. ನನ್ನವು ಮಲಗುವ ಕೋಣೆಯ ಕಪಾಟಿನಲ್ಲಿವೆ.

ಕೊಳ್ಳುವಾಗ ‘ಇದು ಯಾರದ್ದಾಗಿತ್ತು?’ ಎಂದು ಕೇಳಿ, ಉತ್ತರವನ್ನು ಚೀಟಿಯಲ್ಲಿ ಬರೆದು ವಸ್ತುವಿನ ಜೊತೆಗಿಡುತ್ತೇನೆ. ಸದ್ಯ ಹುಡುಕುತ್ತಿರುವುದು 1957ರ ಕ್ಯಾನ್ಸಸ್ ಸಿಟಿಯ ಪುಸ್ತಿಕೆ. ಯುಎನ್‌ಸಿ ಸತತ ಎರಡು ರಾತ್ರಿ ಮೂರು ಮೂರು ಹೆಚ್ಚುವರಿ ಅವಧಿ ಆಡಿ, ಖ್ಯಾತ ಆಟಗಾರ ವಿಲ್ಟ್ ಚೇಂಬರ್ಲಿನ್ ಇದ್ದ ಕ್ಯಾನ್ಸಸ್ ತಂಡವನ್ನು 54-53ರಲ್ಲಿ ಸೋಲಿಸಿದ ಫೈನಲ್ ಅದು. ಅಂಚಿನಲ್ಲಿ ಪೆನ್ಸಿಲ್ ಗುರುತಿದ್ದರೆ ಕೇಳಿದಷ್ಟು ಕೊಡುತ್ತೇನೆ.