ಉಗ್ಗು ಇದ್ದಾಗ ಇಂಟರ್‌ವ್ಯೂ: ನಂಗ ಕೆಲಸಕ್ಕ ಬಂದದ್ದು

ಬಾಗಲಕೋಟಿಯಿಂದ ಬೆಳಗಾವಿಯ ಫ್ಯಾಕ್ಟರಿ ಏರಿಯಾ ಉದ್ಯಮಬಾಗಕ್ಕ ಐದು ಸಲ ಇಂಟರ್‌ವ್ಯೂಕ ಹೋದೆ, ಹೆಸರು ಕೇಳಿದ್ರ ಸಾಕು, ಮೊದಲ ‘ಬ’ ಮ್ಯಾಲೇ ತುಟಿ ಅಂಟಿ ಹತ್ತು ಸೆಕೆಂಡ್ ಸದ್ದ ಇಲ್ಲ. ಉತ್ತರ ಬಾಯಿಪಾಠ ಮಾಡಿದೆ, ಕಷ್ಟದ ಶಬ್ದ ಬದಲಿಸಿದೆ (ಹೆಸರು ಬದಲಿಸಾಕ ಬರೂದಿಲ್ಲಲ್ರಿ), ಆಯಿ ಬಜಿ ಬೇರು ತೇದು ನಾಲಿಗಿಗೆ ಹಚ್ಚಿದ್ಲು, ಏನೂ ಆಗ್ಲಿಲ್ಲ.

ಆಗಿದ್ದು ಹಿಂಗ. ಕುಂತ ತಕ್ಷಣ, ಅವರು ಏನೂ ಕೇಳೂಕಿಂತ ಮೊದಲ, “ಸರ್, ನಂಗ ಉಗ್ಗು ಐತಿ, ಟೈಮ್ ಹಿಡೀತೈತಿ, ಆದ್ರ ಉತ್ತರ ಪೂರ್ತಿ ಹೇಳ್ತೀನಿ” ಅಂದುಬಿಡೂದು. ಆಮ್ಯಾಲೆ ಬೇಕಂತನ ಒಂದು ಸುಲಭ ಶಬ್ದದ ಮ್ಯಾಲೆ ಉಗ್ಗೂದು, “ಮ-ಮ-ಮೆಕ್ಯಾನಿಕಲ್”, ಮುಚ್ಚಿಡೂ ಒತ್ತಡ ಅಲ್ಲೇ ಅರ್ಧ ಇಳೀತೈತಿ. ಹೆಸರು ಹೇಳೂಮುಂದ ಸ್ವಲ್ಪ ಉಸುರು ಹೊರಗ ಬಿಟ್ಟು, ತುಟಿ ಹಗೂರ ಮುಟ್ಟಿಸಿ ಶುರು ಮಾಡ್ರಿ, ಉಸುರು ಹಿಡಿದ್ರ ಮತ್ತ ಲಾಕ್. ಫೋನ್ ರೌಂಡ್ ಇದ್ರ ಮೊದಲ ಮೇಲ್ ಹಾಕಿ ವಿಡಿಯೋ ಕೇಳ್ರಿ, ಇಲ್ಲಾಂದ್ರ ಲೈನ್ ಕಟ್ ಆತು ಅಂತ ಇಟ್ಟುಬಿಡ್ತಾರ.