ನಕ್ಷತ್ರ ಸಾಮ್ರಾಜ್ಯದ ಕಥೆಗಳನ್ನು ದುರ್ಗದಲ್ಲಿ ಕೂತು ಓದುವ ಬಗೆ

ಐಸಾಕ್ ಅಸಿಮೋವ್ ಅವರ ‘ಫೌಂಡೇಶನ್’ ಎಂಬ ವೈಜ್ಞಾನಿಕ ಕಥಾಸರಣಿಯನ್ನು ಓದಲು ಹೊರಟವರು ಪುಸ್ತಕಗಳನ್ನು ಕಥೆಯ ಕಾಲಕ್ಕೆ ತಕ್ಕಂತೆ ಜೋಡಿಸಿಕೊಳ್ಳುವ ಆಸೆಯನ್ನು ಮೊದಲು ಬಿಡಬೇಕು. 1988ರ ‘ಪ್ರಿಲ್ಯೂಡ್ ಟು ಫೌಂಡೇಶನ್’ ಕಥಾಕಾಲದಲ್ಲಿ ಮುಂಚಿನದೆಂದು ನಾನು ಅದರಿಂದಲೇ ಆರಂಭಿಸಿ, ಕೊನೆಗೆ ತಿಳಿಯಬೇಕಿದ್ದ ಗುಟ್ಟನ್ನು ಮೊದಲೇ ತಿಳಿದು ಕೆಟ್ಟೆ. 1951, 1952, 1953ರಲ್ಲಿ ಬಂದ ಮೂರು ಪುಸ್ತಕಗಳನ್ನು ಅದೇ ಕ್ರಮದಲ್ಲಿ ಮುಗಿಸಿ, ಬಳಿಕ 1982ರ ‘ಫೌಂಡೇಶನ್ಸ್ ಎಡ್ಜ್’ಗೆ ಹೋಗಿ. ಆ ಮೂರೇ ಸಾಕೆನ್ನುವವರ ಮಾತೂ ತಪ್ಪಲ್ಲ.

ಮೊದಲ ಪುಸ್ತಕವನ್ನು ಕಾದಂಬರಿಯೆಂದು ಹಿಡಿದರೆ ನಿರಾಸೆಯಾಗುತ್ತದೆ, ಏಕೆಂದರೆ ಅದರ ಹೆಚ್ಚಿನ ಭಾಗ 1942ರಿಂದ ಪತ್ರಿಕೆಯೊಂದರಲ್ಲಿ ಬಿಡಿಬಿಡಿಯಾಗಿ ಅಚ್ಚಾದ ಕಥೆಗಳು. ಸುಮಾರು ಎರಡೂವರೆ ಕೋಟಿ ಲೋಕಗಳ ಸಾಮ್ರಾಜ್ಯ ಕುಸಿಯಲಿದೆಯೆಂದು ಗಣಿತದಿಂದ ಕಂಡುಕೊಂಡ ಹರಿ ಸೆಲ್ಡನ್, ಆಮೇಲಿನ 30,000 ವರ್ಷಗಳ ಕತ್ತಲನ್ನು 1,000 ವರ್ಷಕ್ಕೆ ಇಳಿಸಲು ‘ಫೌಂಡೇಶನ್’ ಎಂಬ ವಿದ್ವಾಂಸರ ನೆಲೆಯನ್ನು ಸ್ಥಾಪಿಸಿ ಹೂಡಿದ ಯೋಜನೆಯೇ ಇಲ್ಲಿನ ಕಥಾನಾಯಕ. ಮನುಷ್ಯರು ಬಂದು ಹೋಗುತ್ತಾರೆ. ಆದ್ದರಿಂದ ಒಂದು ನೋಟ್‌ಬುಕ್ಕಿನಲ್ಲಿ ವರ್ಷ (ಫೌಂಡೇಶನ್ ಸ್ಥಾಪನೆಯಿಂದ ಎಣಿಸಿದ್ದು), ವ್ಯಕ್ತಿ, ಬಿಕ್ಕಟ್ಟು ಎಂದು ಮೂರು ಕಾಲಂ ಎಳೆದುಕೊಳ್ಳಿ. ನನ್ನದರಲ್ಲಿ ಮೊದಲ ಸಾಲು ‘50, ಮೇಯರ್ ಸಾಲ್ವರ್ ಹಾರ್ಡಿನ್, ನೆರೆಯ ಅನಾಕ್ರಿಯಾನಿನ ಬೆದರಿಕೆ’. ಎರಡನೆಯದು ‘80, ಅದೇ ಹಾರ್ಡಿನ್, ವಯಸ್ಸಾಗಿದೆ’. ಅಲ್ಲಿಂದ ಮುಂದೆ ಆತ ಬೇರೆಯವರು ಉದಾಹರಿಸುವ ಮಾತುಗಳಲ್ಲಿ ಮಾತ್ರ ಉಳಿಯುತ್ತಾನೆ.

ಅಧ್ಯಾಯಗಳ ಆರಂಭದಲ್ಲಿರುವ, ಕಥೆಯೊಳಗಿನದೇ ಆದ ವಿಶ್ವಕೋಶದ ತುಣುಕುಗಳನ್ನು ಅವಸರದಲ್ಲಿ ದಾಟಬೇಡಿ. ಅವು ಫೌಂಡೇಶನ್ ಸ್ಥಾಪನೆಯ 1020ನೆಯ ವರ್ಷದ 116ನೆಯ ಆವೃತ್ತಿಯಿಂದ ತೆಗೆದವೆಂದು ಅಡಿಟಿಪ್ಪಣಿಯಿದೆ. ಸಾವಿರ ವರ್ಷ ದಾಟಿದ ಮೇಲೂ ಅದನ್ನು ಅಚ್ಚು ಹಾಕುವವರು ಉಳಿದಿದ್ದರು ಎಂಬುದನ್ನು ಲೇಖಕರು ಎಷ್ಟು ಸದ್ದಿಲ್ಲದೆ ಹೇಳಿದ್ದಾರೆ ನೋಡಿ!

ಈ ಸರಣಿಯನ್ನು ರಾಜಧಾನಿ ಟ್ರಾಂಟರಿನಿಂದಲ್ಲ, ಫೌಂಡೇಶನ್ ನೆಲೆಸಿದ ಅಂಚಿನ ಪುಟ್ಟ ಲೋಕ ಟರ್ಮಿನಸ್ಸಿನಿಂದ ನೋಡಿ ಓದಬೇಕು, ಮತ್ತು ನಮ್ಮ ಚಿತ್ರದುರ್ಗ ಜಿಲ್ಲೆಯವರಿಗೆ ಅದು ಕಷ್ಟವಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕನ ಶಾಸನದಲ್ಲಿ ಪ್ರಾಂತ್ಯದ ರಾಜಧಾನಿ ಸುವರ್ಣಗಿರಿಯ ಆರ್ಯಪುತ್ರನೂ (ರಾಜಕುಮಾರ) ಮಹಾಮಾತ್ರರೂ (ಹಿರಿಯ ಅಧಿಕಾರಿಗಳು) ಇಲ್ಲಿನ ಊರಾದ ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ, ಆಮೇಲೆ ದೊರೆಯ ಮಾತನ್ನು ತಿಳಿಸುತ್ತಾರೆ. ದೂರದ ಅರಸನ ಆಜ್ಞೆ ಕಚೇರಿಯಿಂದ ಕಚೇರಿಗೆ ಸಾಗಿ, ಬಂಡೆಯ ಮೇಲೆ ಬಂದು ನಿಲ್ಲುವ ಆ ಬಗೆಯನ್ನು ಒಮ್ಮೆ ಕಣ್ಣಾರೆ ಕಂಡವರಿಗೆ, ಸಾಮ್ರಾಜ್ಯದ ರಾಯಭಾರಿ ಡೋರ್ವಿನ್ ಪ್ರಭು ಟರ್ಮಿನಸ್ಸಿಗೆ ಬರುವ ಪ್ರಸಂಗ ಬೇರೆಯೇ ರುಚಿ ಕೊಡುತ್ತದೆ. ಆತ ಐದು ದಿನ ಸೊಗಸಾಗಿ ಮಾತನಾಡುತ್ತಾನೆ. ಹೋದ ಮೇಲೆ ಆ ಮಾತುಗಳನ್ನೆಲ್ಲ ತರ್ಕಕ್ಕೆ ಹಾಕಿ ಸೋಸಿದಾಗ ಉಳಿಯುವುದು ಸೊನ್ನೆ. ಆ ಭಾಗವನ್ನು ಎರಡು ಸಲ ಓದಿ, ಎರಡನೆಯ ಸಲ ಪ್ರಭುವಿನ ಮಾತುಗಳನ್ನಷ್ಟೇ.