ಪಿಎಚ್‌ಡಿ ಮುಗಿಯುವ ಮೊದಲೇ ಹೋಮ್ ಲೋನ್: ನನ್ನ ಅನುಭವ

ಪಿಎಚ್‌ಡಿ ಮಾಡುತ್ತಿರುವಾಗ ಬ್ಯಾಂಕು ಮನೆ ಸಾಲ ಕೊಡುತ್ತದಾ ಅಂತ ಜೂನಿಯರ್‌ಗಳು ಈಗಲೂ ಕೇಳುತ್ತಾರೆ. ವಿದ್ಯಾರ್ಥಿಗೆ ಕೊಡೋದಿಲ್ಲ, ವಿದ್ಯಾರ್ಥಿಯ ಅಮ್ಮನಿಗೆ ಕೊಡುತ್ತೆ ಅನ್ನುತ್ತೇನೆ. ತಮಾಷೆಗೆ ಹೇಳುವ ಮಾತಲ್ಲ.

2024ರಲ್ಲಿ ಮೈಸೂರಿನಲ್ಲಿ ಫ್ಲ್ಯಾಟ್ ಕೊಂಡಾಗ ನಾನು ಜೆಆರ್‌ಎಫ್‌ನ (ಪಿಎಚ್‌ಡಿ ಮಾಡುವವರಿಗೆ ಸಿಗುವ ಜೂನಿಯರ್ ರಿಸರ್ಚ್ ಫೆಲೋಶಿಪ್) ಎರಡನೇ ವರ್ಷದಲ್ಲಿದ್ದೆ. ಅಮ್ಮ ಹಾಸನ ಜಿಲ್ಲೆಯಲ್ಲಿ ಸರ್ಕಾರಿ ಶಾಲೆ ಟೀಚರ್, ಆಗ 54 ವರ್ಷ. ನಿವೃತ್ತಿಯಾದ ಮೇಲೆ ಮೈಸೂರಿನಲ್ಲೇ ಇರಬೇಕೆಂಬುದು ಅವರ ಬಹುಕಾಲದ ಆಸೆ. 'ಮೊದಲು ಇವಳ ಓದು ಮುಗೀಲಿ, ಕೆಲಸ ಸಿಗಲಿ, ಆಮೇಲೆ ಮನೆ ನೋಡೋಣ' ಅಂತ ಮನೆಯಲ್ಲಿ ಎಲ್ಲರೂ ಹೇಳಿದರು. ಕೇಳಲು ಸರಿಯಾದ ಮಾತೇ. ಆದರೆ ರಾಜ್ಯ ಸರ್ಕಾರಿ ನೌಕರರ ನಿವೃತ್ತಿ 60ಕ್ಕೆ. ನನ್ನ ಥೀಸಿಸ್ ಮುಗಿದು, ಕೆಲಸ ಸಿಕ್ಕಿ, ಕಾಯಂ ಆಗುವಷ್ಟರಲ್ಲಿ ಅಮ್ಮನ ಸರ್ವಿಸ್ ಮುಗಿದಿರುತ್ತಿತ್ತು. ನನ್ನ ಕೈಲಿ ಸಂಬಳವಿದ್ದು ಅವರ ಸಂಬಳ ನಿಂತಿರುತ್ತಿತ್ತು. ಸಾಲ ಸಿಗುವ ಕಾಲ ಯಾವುದು ಅಂತ ತೀರ್ಮಾನಿಸಿದ್ದು ಅಮ್ಮನ ಸೇವಾ ಪುಸ್ತಕ, ನನ್ನ ಪದವಿಯಲ್ಲ.

ನನ್ನ ಕಡೆಯ ಕಾಗದ ಹೊಂದಿಸುವುದೇ ತಲೆನೋವಿನ ಕೆಲಸವಾಯಿತು. 2023ರ ಜನವರಿಯಿಂದ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ, ಮುಂದೆ ಎಸ್‌ಆರ್‌ಎಫ್ (ಸೀನಿಯರ್ ರಿಸರ್ಚ್ ಫೆಲೋಶಿಪ್) ಆದರೆ 42,000, ಮೇಲೆ ಮನೆ ಬಾಡಿಗೆ ಭತ್ಯೆ. ಕಡಿಮೆ ದುಡ್ಡೇನಲ್ಲ. ಆದರೆ ಆಗಿನ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 10(16)ರಲ್ಲಿ ಇದಕ್ಕೆ ವಿನಾಯಿತಿ ಇದ್ದದ್ದರಿಂದ ಫಾರ್ಮ್ 16 (ಸಂಬಳದಾರರಿಗೆ ಸಿಗುವ ತೆರಿಗೆ ಪ್ರಮಾಣಪತ್ರ) ಇಲ್ಲ, ಪೇಸ್ಲಿಪ್ ಇಲ್ಲ. ಸಾಲದ್ದಕ್ಕೆ ಫೆಲೋಶಿಪ್ ತಿಂಗಳು ತಿಂಗಳು ಬರುವುದೂ ಇಲ್ಲ. ಪಾಸ್‌ಬುಕ್ಕಿನಲ್ಲಿ ನಾಲ್ಕು ತಿಂಗಳು ಖಾಲಿ, ಆಮೇಲೆ ಒಂದೇ ದಿನ ದೊಡ್ಡ ಮೊತ್ತ. 'ಇದು ಸಂಬಳ ಅಲ್ವಲ್ಲಮ್ಮಾ, ಯಾರಾದ್ರೂ ಕೈಸಾಲ ಕೊಟ್ಟ ಹಾಗಿದೆ' ಅಂದರು ನಾವು ಮೊದಲು ಹೋದ ಬ್ರಾಂಚಿನ ಮ್ಯಾನೇಜರು.

ತೆರಿಗೆ ಕಟ್ಟಬೇಕಿಲ್ಲದಿದ್ದರೂ ನಾನು ಫೆಲೋಶಿಪ್ಪನ್ನು ವಿನಾಯಿತಿ ಆದಾಯ ಅಂತ ತೋರಿಸಿ ಐಟಿ ರಿಟರ್ನ್ ಹಾಕುತ್ತಾ ಬಂದಿದ್ದೆ. ಎರಡು ವರ್ಷದ್ದನ್ನು ಅರ್ಜಿಗೆ ಲಗತ್ತಿಸಿದೆ. ವಿಭಾಗದ ಮುಖ್ಯಸ್ಥರಿಂದ ಫೆಲೋಶಿಪ್ ಶುರುವಾದ ದಿನ, ಮುಗಿಯುವ ದಿನ, ಎಸ್‌ಆರ್‌ಎಫ್‌ಗೆ ಏರುವ ದಿನ ಮೂರೂ ಇರುವ ಪತ್ರ ಬರೆಸಿಕೊಂಡೆ. ಬರೀ 'ಸಂಶೋಧನಾ ವಿದ್ಯಾರ್ಥಿನಿ' ಅನ್ನುವ ಬೋನಫೈಡ್ ಸರ್ಟಿಫಿಕೇಟಿನಿಂದ ಬ್ಯಾಂಕಿಗೆ ಏನೂ ಉಪಯೋಗವಿಲ್ಲ. ಇನ್ನು ಸಿಬಿಲ್, ಅಂದರೆ ಸಾಲ ಸರಿಯಾಗಿ ತೀರಿಸುತ್ತೇವಾ ಅಂತ ಬ್ಯಾಂಕು ನೋಡುವ ಸ್ಕೋರು. ಸಾಲವನ್ನೇ ಮಾಡದವರಿಗೆ ಸ್ಕೋರೇ ಇರುವುದಿಲ್ಲ. ಅದಕ್ಕೆ ವರ್ಷ ಮೊದಲೇ ಸಣ್ಣದೊಂದು ಎಫ್‌ಡಿ ಇಟ್ಟು, ಅದರ ಮೇಲೆ ಕ್ರೆಡಿಟ್ ಕಾರ್ಡ್ ತೆಗೆದುಕೊಂಡಿದ್ದೆ. ಪೆಟ್ರೋಲು, ಮೊಬೈಲ್ ರೀಚಾರ್ಜ್ ಅದರಲ್ಲಿ. ಬಿಲ್ಲು ಬಂದ ತಕ್ಷಣ ಪೂರ್ತಿ ಕಟ್ಟುವುದು. ಅಷ್ಟಕ್ಕೇ ಒಳ್ಳೆ ಸ್ಕೋರ್ ಬಂತು.

ಇಷ್ಟೆಲ್ಲ ಮಾಡಿದರೂ ಎರಡನೇ ಬ್ಯಾಂಕು ನನ್ನ ಆದಾಯವನ್ನು ಲೆಕ್ಕಕ್ಕೆ ಹಿಡಿದದ್ದು ಅರೆಮನಸ್ಸಿನಿಂದಲೇ. ಸಾಲ ನಿಂತದ್ದು ಅಮ್ಮನ ಸಂಬಳ, ಮುಂದಿನ ಪಿಂಚಣಿಯ ಮೇಲೆ. ಅವರಿಗೆ 70 ಆಗುವುದರೊಳಗೆ ತೀರಬೇಕು ಅಂದರು; 15 ವರ್ಷ ಸಿಕ್ಕಿತು. 18 ಲಕ್ಷಕ್ಕೆ ಶೇ. 8.5ರ ಬಡ್ಡಿಯಲ್ಲಿ ಇಎಂಐ ಸುಮಾರು 17,725. ಇದೇ ಸಾಲ 20 ವರ್ಷಕ್ಕಾದರೆ 15,621. ತಿಂಗಳಿಗೆ ಎರಡು ಸಾವಿರ ಚಿಲ್ಲರೆ ಹೆಚ್ಚು ಅಂತ ಅಮ್ಮ ಹಿಂದೇಟು ಹಾಕಿದರು. ಪೂರ್ತಿ ಅವಧಿಗೆ ಲೆಕ್ಕ ಹಾಕಿದರೆ ಬಡ್ಡಿಯಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಉಳಿಯುತ್ತದೆ ಅಂತ ಬರೆದು ತೋರಿಸಿದ ಮೇಲೆ ಸುಮ್ಮನಾದರು.

ಮನೆಯೇನೂ ಅರಮನೆಯಲ್ಲ. ಹಳೆಯ ಅಪಾರ್ಟ್‌ಮೆಂಟ್, ಲಿಫ್ಟ್ ಇಲ್ಲದ ಎರಡನೇ ಮಹಡಿ, ಎರಡು ರೂಮು, 24 ಲಕ್ಷ. 30 ಲಕ್ಷದವರೆಗಿನ ಸಾಲಕ್ಕೆ ಮನೆ ಬೆಲೆಯ ಶೇ. 90ರವರೆಗೆ ಕೊಡಬಹುದು ಅಂತ ಆರ್‌ಬಿಐ ನಿಯಮ ಇದ್ದರೂ, ಅಷ್ಟು ಕೊಡಲೇಬೇಕು ಅಂತೇನಿಲ್ಲ. ನೋಂದಣಿ ಖರ್ಚು ಬೇರೆ. 45 ಲಕ್ಷದೊಳಗಿನ ಫ್ಲ್ಯಾಟಿಗೆ ಸ್ಟಾಂಪ್ ಡ್ಯೂಟಿ ಕಡಿಮೆ ಅನ್ನುತ್ತಾರೆ, ಅದು ಮೊದಲ ಸಲ ನೋಂದಣಿಯಾಗುವ ಫ್ಲ್ಯಾಟಿಗೆ ಮಾತ್ರ. ನಮ್ಮದು ಕೈಬದಲಾದದ್ದು. ಶೇ. 5 ಡ್ಯೂಟಿ, ಸೆಸ್ಸು ಸರ್‌ಚಾರ್ಜು ಸೇರಿ 5.6, ನೋಂದಣಿ ಶುಲ್ಕ 1: ಒಟ್ಟು 1,58,400 ರೂಪಾಯಿ. (2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕವೂ ಶೇ. 2 ಆಗಿದೆ.) ಇದಕ್ಕೂ ಮುಂಗಡಕ್ಕೂ ಅಮ್ಮನ ಜಿಪಿಎಫ್ (ಸರ್ಕಾರಿ ನೌಕರರ ಭವಿಷ್ಯ ನಿಧಿ), ನಾನು ಕೂಡಿಟ್ಟ ಫೆಲೋಶಿಪ್ ಬಾಕಿ ಹಣ.

ಕೆಲಸ ನಿಂತದ್ದು ಇ.ಸಿ.ಯಲ್ಲಿ, ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ಸಾಲ, ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರದಲ್ಲಿ. ಮಾರುವವರು ಹಿಂದೆ ಇದೇ ಫ್ಲ್ಯಾಟಿನ ಮೇಲೆ ಸಾಲ ಮಾಡಿ ತೀರಿಸಿದ್ದರು. ಸಾಲ ತೆಗೆದುಕೊಂಡಾಗ ಹಕ್ಕುಪತ್ರ ಬ್ಯಾಂಕಿನಲ್ಲಿಟ್ಟದ್ದು ಇ.ಸಿ.ಯ ಒಂದು ಸಾಲಿನಲ್ಲಿ ದಾಖಲಾಗಿತ್ತು. ಬಿಡಿಸಿಕೊಂಡದ್ದು ಎಲ್ಲೂ ಇರಲಿಲ್ಲ. 'ನೋಡಿ, ಎನ್ಒಸಿ ಇದೆ' ಅಂತ ಬ್ಯಾಂಕು ಕೊಟ್ಟ ನಿರಾಕ್ಷೇಪಣಾ ಪತ್ರವನ್ನು ಲ್ಯಾಮಿನೇಟ್ ಮಾಡಿಸಿ ತಂದು ತೋರಿಸಿದರು ಪಾಪ. ನಮ್ಮ ಬ್ಯಾಂಕಿನ ವಕೀಲರು ಒಪ್ಪಲಿಲ್ಲ: 'ಸಬ್ ರಿಜಿಸ್ಟ್ರಾರ್ ಹತ್ತಿರ ಸಾಲ ತೀರಿದ್ದು (ಡಿಸ್ಚಾರ್ಜ್) ರಿಜಿಸ್ಟರ್ ಆಗಿ ಇ.ಸಿ.ಯಲ್ಲಿ ಬರಲಿ, ಆಮೇಲೆ ಮಾತು.' ಅವರ ಹಳೆಯ ಬ್ಯಾಂಕಿನಿಂದ ಸಹಿ ಹಾಕುವ ಅಧಿಕಾರಿ ಬಂದು ಅದು ಮುಗಿಯುವವರೆಗೆ ನಮ್ಮ ಫೈಲು ಕದಲಲಿಲ್ಲ. ಮನೆ ನೋಡುವಾಗ ನಲ್ಲಿ, ಗೋಡೆ, ಗಾಳಿ ನೋಡುವ ನಾವು ಇ.ಸಿ.ಯನ್ನು ಮೊದಲೇ ತೆಗೆಸಿ ಓದುವುದಿಲ್ಲ. ಅಡ್ವಾನ್ಸ್ ಕೊಡುವ ಮುಂಚೆ ಸಾಲು ಸಾಲು ಓದಿ ಅಂತ ನನ್ನ ಸಲಹೆ.

ಕ್ರಯಪತ್ರದಲ್ಲಿ ಇಬ್ಬರ ಹೆಸರೂ ಇದೆ. ನನ್ನ ಫೆಲೋಶಿಪ್ಪಿಗೆ ತೆರಿಗೆಯೇ ಇಲ್ಲದ ಕಾರಣ ಬಡ್ಡಿಯ ಮೇಲಿನ ವಿನಾಯಿತಿ ನನಗೆ ಬೇಕಿರಲಿಲ್ಲ. ಹಳೇ ತೆರಿಗೆ ಪದ್ಧತಿಯಲ್ಲಿರುವ ಅಮ್ಮನಿಗೆ ಅದು ಸಿಗುತ್ತದೆ. ಸಾಲದ ಜೊತೆ ಇನ್ಶೂರೆನ್ಸ್ ಪಾಲಿಸಿಯೊಂದನ್ನೂ ಸೇರಿಸಿ ಮೊತ್ತ ಏರಿಸಿದ್ದರು. ಕಡ್ಡಾಯ ಅಂತ ಬರೆದುಕೊಡಿ ಸರ್ ಅಂದೆ, ತೆಗೆದುಹಾಕಿದರು.

ನಾವಿಬ್ಬರೂ ಮೊದಲೇ ಮಾತಾಡಿಕೊಂಡದ್ದು ಇಷ್ಟು: ಇಎಂಐ ಅಮ್ಮನ ಸಂಬಳದಿಂದ ಮಾತ್ರ ಹೋಗಬೇಕು, ನನ್ನ ದುಡ್ಡನ್ನು ನೆಚ್ಚಬಾರದು. ಫೆಲೋಶಿಪ್ ಐದು ವರ್ಷಕ್ಕೆ ನಿಲ್ಲುತ್ತದೆ, ಥೀಸಿಸ್ ನಿಲ್ಲುತ್ತದೆ ಅಂತ ಯಾರು ಹೇಳಿದರು! ಬಾಕಿ ಒಟ್ಟಿಗೆ ಬಂದಾಗ ಅದರಲ್ಲೊಂದು ಪಾಲನ್ನು ಅಸಲಿಗೆ ಕಟ್ಟುತ್ತೇನೆ. ಫ್ಲೋಟಿಂಗ್ ಬಡ್ಡಿಯ ಮನೆ ಸಾಲಕ್ಕೆ ಮುಂಚೆ ಕಟ್ಟಿದರೆ ದಂಡವಿಲ್ಲ. ಕಟ್ಟುವಾಗ ಪ್ರತಿ ಸಲವೂ 'ಇಎಂಐ ಇಳಿಸಬೇಡಿ, ಅವಧಿ ಇಳಿಸಿ' ಅಂತ ಅರ್ಜಿಯಲ್ಲಿ ಬರೆಯುತ್ತೇನೆ. 2025ರ ಫೆಬ್ರವರಿಯಿಂದ ಜೂನ್‌ವರೆಗೆ ರೆಪೊ ದರ (ಬ್ಯಾಂಕುಗಳಿಗೆ ಆರ್‌ಬಿಐ ಸಾಲ ಕೊಡುವ ಬಡ್ಡಿ ದರ) ಶೇ. 6.5ರಿಂದ 5.5ಕ್ಕೆ ಇಳಿದಾಗ ನಮ್ಮ ಬಡ್ಡಿಯೂ ಇಳಿಯಿತು. ಆಗಲೂ ಅದೇ ಇಎಂಐ ಮುಂದುವರಿಸಿದೆವು.